‘ಹೆಂಗ್ ಮಾಡ್ಲಿ ಅಣ್ಣಾ?’ ಎಂದಾಗ

2023ರಲ್ಲಿ ಬಾಗಲಕೋಟೆ ಜಿಲ್ಲೆಯ ಕುಲಹಳ್ಳಿಯ ಸರ್ಕಾರಿ ಪ್ರೌಢಶಾಲೆಯ ಮುಖ್ಯ ಶಿಕ್ಷಕರು ಊರಿನ ಕಟಿಂಗ್ ಅಂಗಡಿಗಳಿಗೆ ಒಂದು ಪತ್ರ ಬರೆದರು. ನಮ್ಮ ಶಾಲೆಯ ಹುಡುಗರು ಬಂದು ಕೇಳಿದರೆ ‘ಹೆಬ್ಬುಲಿ’ ಕಟಿಂಗ್ ಮಾಡಬೇಡಿ ಎಂಬುದು ಅದರ ಸಾರ. ಪತ್ರ ಮೊಬೈಲಿನಿಂದ ಮೊಬೈಲಿಗೆ ಹಾರಿತು, ಪತ್ರಿಕೆಗಳಲ್ಲೂ ಸುದ್ದಿಯಾಯಿತು. ಮೇಷ್ಟ್ರು ಮಾಡಿದ್ದೇ ಸರಿ ಎಂದವರಿದ್ದರು, ಹುಡುಗರ ತಲೆಗೂದಲಿಗೂ ಪತ್ರ ವ್ಯವಹಾರವೇ ಎಂದು ನಕ್ಕವರೂ ಇದ್ದರು. ಆ ಜಗಳ ಇಲ್ಲಿ ಬೇಡ. ಕುತೂಹಲದ ಸಂಗತಿ ಬೇರೆಯೇ ಇದೆ. ಮೇಷ್ಟ್ರು, ಹುಡುಗರು, ಕತ್ತರಿ ಹಿಡಿದವರು, ಈ ಮೂವರಿಗೂ ಹೆಬ್ಬುಲಿ ಎಂದರೆ ಏನೆಂದು ಗೊತ್ತು ಎಂಬ ನಂಬಿಕೆಯ ಮೇಲೆ ನಿಂತ ಪತ್ರ ಅದು. ಹೆಸರು ಮೂವರಿಗೂ ಗೊತ್ತಿತ್ತು, ನಿಜ. ಆದರೆ ಆ ಹೆಸರು ಹೇಳಿ ಕುರ್ಚಿಯಲ್ಲಿ ಕೂತರೆ ತಲೆಯ ಮೇಲೆ ಏನಾಗುತ್ತದೆ ಎಂಬುದು ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ.

‘ಹೆಬ್ಬುಲಿ’ 2017ರಲ್ಲಿ ಬಂದ ಸುದೀಪ್ ಸಿನಿಮಾ. ಅದರಲ್ಲಿ ಅವರ ತಲೆಯ ಅಕ್ಕಪಕ್ಕ ಕೂದಲು ತೀರ ಸಣ್ಣಗಿದ್ದು, ನೆತ್ತಿಯ ಮೇಲಿನದು ಉದ್ದವಾಗಿ ಹಿಂದಕ್ಕೆ ಬಾಚಿಕೊಂಡಿರುತ್ತದೆ. ಮೇಲಿನ ಉದ್ದ ಇಳಿಯುತ್ತ ಇಳಿಯುತ್ತ ಸಣ್ಣದಾಗುವುದಿಲ್ಲ. ಒಂದು ಗೆರೆಯ ತನಕ ಉದ್ದ, ಗೆರೆ ದಾಟಿದರೆ ಗಿಡ್ಡ. ಬೇರೆ ಕಡೆಗಳಲ್ಲಿ ಇದನ್ನು ಅಂಡರ್‌ಕಟ್ ಎನ್ನುತ್ತಾರೆ. ಒಬ್ಬ ಕ್ಷೌರಿಕ ಹೆಬ್ಬುಲಿ ಎಂದ ಕೂಡಲೇ ಪಕ್ಕಕ್ಕೆ ಝೀರೋ ಮಷೀನ್ ಹಾಕುತ್ತಾನೆ. ಇನ್ನೊಬ್ಬ ಸ್ವಲ್ಪ ಕೂದಲು ಉಳಿಸುತ್ತಾನೆ. ಮತ್ತೊಬ್ಬ ಆ ಗೆರೆಯನ್ನೇ ಅಳಿಸಿ ಇಳಿಜಾರು ಮಾಡಿಬಿಡುತ್ತಾನೆ. ಮೂವರೂ ಮಾಡಿದ್ದು ಹೆಬ್ಬುಲಿಯೇ. ಮನೆಗೆ ಬಂದ ಮೇಲೆ ಅಪ್ಪನಿಂದ ಬೈಸಿಕೊಳ್ಳುವುದು ಮಾತ್ರ ಒಬ್ಬನೇ.

ಹೀರೊಗಳ ಹೆಸರಿನಲ್ಲಿ ಕೂದಲು ಕತ್ತರಿಸುವುದು ನಮ್ಮಲ್ಲಿ ಹೊಸದೇನಲ್ಲ. ಎಪ್ಪತ್ತರ ದಶಕದಲ್ಲಿ ಕಿವಿ ಮುಚ್ಚುವ ಬಚ್ಚನ್ ಕಟಿಂಗ್ ಇತ್ತು. ಆಮೇಲೆ ಸ್ಟೆಪ್ ಕಟ್ ಬಂತು. 2003ರಲ್ಲಿ ‘ತೇರೆ ನಾಮ್’ ಬಂದದ್ದೇ ತಡ, ನಡು ಬೈತಲೆ ತೆಗೆದು ಎರಡೂ ಕಡೆ ಕೂದಲು ಇಳಿಬಿಟ್ಟ ಸಲ್ಮಾನ್ ಖಾನರು ಎಲ್ಲ ಕಾಲೇಜುಗಳ ಮುಂದೆ ಕಾಣತೊಡಗಿದರು. ಧೋನಿಯ ಹೆಗಲ ಮೇಲಿನ ಕೂದಲನ್ನು 2006ರಲ್ಲಿ ಲಾಹೋರ್‌ನಲ್ಲಿ ಪಾಕಿಸ್ತಾನದ ಅಧ್ಯಕ್ಷ ಮುಷರ್ರಫ್ ಮೈಕ್ ಮುಂದೆಯೇ ಹೊಗಳಿ, ಕತ್ತರಿಸಿಕೊಳ್ಳಬೇಡ ಎಂದರು. ಧೋನಿ ಆಮೇಲೆ ಕತ್ತರಿಸಿಕೊಂಡರು. 2008ರಲ್ಲಿ ‘ಘಜಿನಿ’ಯ ಆಮೀರ್ ಖಾನ್ ತಲೆಯ ಮೇಲೆ ಹೊಲಿಗೆಯ ಗಾಯದ ಗೆರೆ ಹೊತ್ತು ಬಂದಾಗ ಅದನ್ನೂ ಬ್ಲೇಡಿನಲ್ಲಿ ಎಳೆಸಿಕೊಂಡವರಿದ್ದಾರೆ. ‘ಕೆಜಿಎಫ್’ ಬಂದ ಮೇಲೆ ಕೂದಲಿನ ಜತೆ ಗಡ್ಡವೂ ಸೇರಿಕೊಂಡಿತು. ಇದು ನಮ್ಮ ಸಿನಿಮಾ ಹುಚ್ಚು ಮಾತ್ರ ಎಂದು ತಿಳಿಯಬೇಕಿಲ್ಲ. ಹಣೆಯ ಮೇಲೆ ಕೂದಲು ಎತ್ತರಕ್ಕೆ ಏರಿಸಿ ಹಿಂದಕ್ಕೆ ಬಾಚುವ ಪಾಂಪಡೋರ್, ಫ್ರಾನ್ಸಿನ ಹದಿನೈದನೇ ಲೂಯಿಯ ಪ್ರೇಯಸಿ ಮದಾಂ ಪಾಂಪಡೋರಳ ಹೆಸರು ಹೊತ್ತು ಬಂದದ್ದು. ಎಲ್ವಿಸ್ ಪ್ರೀಸ್ಲಿಯ ದಯೆಯಿಂದ ಅದು ಈಗ ಪಕ್ಕಾ ಗಂಡಸರ ಕಟಿಂಗ್.

ಹೆಸರಿನ ತೊಂದರೆ ಇರುವುದು ಇಲ್ಲಿ: ಹೀರೊನ ಹೆಸರು ಒಂದು ಮುಖವನ್ನು ನೆನಪಿಗೆ ತರುತ್ತದೆ, ಕತ್ತರಿಗೆ ಬೇಕಾದ ಅಳತೆಯನ್ನು ತರುವುದಿಲ್ಲ. ತೆರೆಯ ಮೇಲೆ ಕಾಣುವ ತಲೆಯ ಹಿಂದೆ ಪ್ರತಿ ಶಾಟ್‌ಗೂ ಬಾಚಿ, ಜೆಲ್ ಹಚ್ಚಿ, ಒಣಗಿಸಿ ಕೂರಿಸುವ ಹೇರ್‌ಡ್ರೆಸರ್ ಒಬ್ಬರಿರುತ್ತಾರೆ. ಎಷ್ಟೋ ಸಲ ಆ ಕೂದಲು ಹೀರೊನದೇ ಆಗಿರುವುದಿಲ್ಲ ಎಂಬುದು ಇನ್ನೊಂದು ಮಾತು. ಆದರೆ ಹೆಸರಿಗಿಂತಲೂ ಕೆಟ್ಟ ಉತ್ತರವೊಂದಿದೆ. ನಲವತ್ತು ದಾಟಿದ ನಮ್ಮಂಥವರು ಹೇಳುವುದು ಅದನ್ನೇ: ‘ಮೀಡಿಯಮ್ ಹೊಡೀರಿ.’ ದರ್ಜಿಯ ಹತ್ತಿರ ಹೋಗಿ ‘ಮೀಡಿಯಮ್ಮಾಗಿ ಒಂದು ಶರ್ಟ್ ಹೊಲಿರಿ’ ಎಂದು ಅಳತೆ ಕೊಡದೆ ಎದ್ದು ಬರುವವರನ್ನು ಯಾರಾದರೂ ಕಂಡಿದ್ದೀರಾ? ತಲೆಯ ವಿಷಯದಲ್ಲಿ ನಾವು ಮಾಡುವುದು ಅದೇ. ಮೀಡಿಯಮ್ ಎಂದರೆ ಕ್ಷೌರಿಕನಿಗೆ ಕೇಳಿಸುವುದು ‘ನಿಮಗೆ ತೋಚಿದಂತೆ ಮಾಡಿ, ನಾನು ಆಮೇಲೆ ಬೇಜಾರು ಮಾಡಿಕೊಳ್ಳುತ್ತೇನೆ’ ಎಂದು.

ಮೇಲೆ, ಪಕ್ಕ, ಹಿಂದೆ

ಗಂಡಸರ ಕಟಿಂಗ್‌ಗಳ ಹೆಸರು ನೂರಿದ್ದರೂ ಅವೆಲ್ಲ ನಿಂತಿರುವುದು ನಾಲ್ಕು ಪ್ರಶ್ನೆಗಳ ಮೇಲೆ. ನೆತ್ತಿಯ ಮೇಲೆ ಎಷ್ಟು ಉದ್ದ? ಕಿವಿಯ ಅಕ್ಕಪಕ್ಕ ಎಷ್ಟು? ಹಿಂದೆ ಕತ್ತಿನ ಹತ್ತಿರ ಎಷ್ಟು? ನಾಲ್ಕನೆಯದನ್ನು ಯಾರೂ ಹೇಳುವುದಿಲ್ಲ, ಅದೇ ಮುಖ್ಯ: ಈ ಮೂರು ಒಂದಕ್ಕೊಂದು ಹೇಗೆ ಕೂಡಿಕೊಳ್ಳಬೇಕು?

ಮೂರೂ ಕಡೆ ಒಂದೇ ಗಿಡ್ಡ ಅಳತೆ ಇಟ್ಟರೆ ಅದು ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಮಾಡಿಸುವ ಸಮ್ಮರ್ ಕಟ್. ಪಕ್ಕ ಮತ್ತು ಹಿಂದೆ ತೀರ ಗಿಡ್ಡ, ಮೇಲೆ ಒಂದು ಬೆರಳಿಗಿಂತ ಕಡಿಮೆ ಉಳಿಸಿದರೆ ಮಿಲಿಟರಿ ಕಟ್. ಅದರ ಸಾಧು ತಮ್ಮನೇ ಕ್ರೂ ಕಟ್, ಹಣೆಯ ಹತ್ತಿರ ತುಸು ಉದ್ದ, ನೆತ್ತಿಯ ಹಿಂದಕ್ಕೆ ಹೋದಂತೆ ಕಡಿಮೆ. ಬ್ಯಾಂಕಿನವರು, ಮೇಷ್ಟ್ರುಗಳು ದಶಕಗಳಿಂದ ಇಟ್ಟುಕೊಂಡು ಬಂದಿರುವ ಸೈಡ್ ಕ್ರಾಪಿನಲ್ಲಿ ಮೇಲಿನ ಕೂದಲು ಬೈತಲೆ ತೆಗೆಯುವಷ್ಟು ಉದ್ದ, ಪಕ್ಕದ್ದು ಕತ್ತರಿ–ಬಾಚಣಿಗೆಯಲ್ಲಿ ಇಳಿಸಿದ್ದು, ಎಲ್ಲೂ ಗೆರೆ ಕಾಣುವಂತಿಲ್ಲ. ಹೆಬ್ಬುಲಿಯಲ್ಲಿ ಗೆರೆ ಕಾಣಲೇಬೇಕು. ಅಂದರೆ ಸೈಡ್ ಕ್ರಾಪಿಗೂ ಹೆಬ್ಬುಲಿಗೂ ನಡುವಿನ ದೂರವೆಲ್ಲ ಇರುವುದು ಆ ನಾಲ್ಕನೇ ಪ್ರಶ್ನೆಯ ಉತ್ತರದಲ್ಲಿ. ಮುಂದೆ ಗಿಡ್ಡ ಹಿಂದೆ ಜೋಲುವ ಮುಲ್ಲೆಟ್ ಇತ್ತೀಚೆಗೆ ಮತ್ತೆ ತಲೆ ಎತ್ತಿದೆ. ಅದರ ಬಗ್ಗೆ ನನ್ನ ಅಭಿಪ್ರಾಯ ಕೇಳದಿರುವುದು ಒಳ್ಳೆಯದು.

ಈಗ ಹುಡುಗರ ಬಾಯಲ್ಲಿ ಸದಾ ಇರುವ ಫೇಡ್ ಎಂದರೆ ಕೂಡಿಸುವ ಒಂದು ಬಗೆ, ಪೂರ್ತಿ ಕಟಿಂಗ್‌ನ ಹೆಸರಲ್ಲ. ಕೆಳಗೆ ಚರ್ಮ ಕಾಣುವಷ್ಟು ಸೊನ್ನೆಯಿಂದ ಶುರುವಾಗಿ, ಮೇಲೆ ಮೇಲೆ ಹೋದಂತೆ ಕೂದಲು ದಟ್ಟವಾಗುತ್ತ, ಎಲ್ಲಿ ಬದಲಾಯಿತೆಂದು ಬೆರಳಿಟ್ಟು ತೋರಿಸಲಾಗದಂತೆ ಇರಬೇಕು. ಈ ಬದಲಾವಣೆ ಕಿವಿಯ ಮೇಲ್ತುದಿಯ ಹತ್ತಿರವೇ ಮುಗಿದರೆ ಲೋ ಫೇಡ್, ಕಣತಲೆಯ ಮಟ್ಟದಲ್ಲಾದರೆ ಮಿಡ್, ಅದಕ್ಕೂ ಮೇಲೆ ತಲೆ ಬಾಗುವ ಜಾಗಕ್ಕೆ ಬಂದರೆ ಹೈ. ಕಿವಿಯ ಮುಂದಿನ ಸೈಡ್‌ಲಾಕ್ ಮತ್ತು ಕತ್ತಿನ ಅಂಚಿನಲ್ಲಷ್ಟೇ ಇಳಿಸಿದರೆ ಅದು ಟೇಪರ್. ಆಫೀಸಿಗೆ ಹೋಗುವವರು ಫೇಡ್ ಬೇಕು ಎಂದು ಹೇಳಿ ಬಂದು, ‘ಇದೇನು ಪಕ್ಕ ಎಲ್ಲ ಬೋಳಾಯಿತಲ್ಲ’ ಎಂದು ಕನ್ನಡಿ ಮುಂದೆ ಕೊರಗುವುದನ್ನು ಕಂಡಿದ್ದೇನೆ. ಅವರಿಗೆ ಬೇಕಿದ್ದದ್ದು ಟೇಪರ್.

ಒಳ್ಳೆಯ ಕೈಯ ಹುಡುಗನೊಬ್ಬ ಫೇಡ್ ಮಾಡುವುದನ್ನು ಪಕ್ಕದ ಬೆಂಚಿನಲ್ಲಿ ಕೂತು ನೋಡಬೇಕು. ಮೊದಲು ಗಾರ್ಡ್ (ಮೂತಿಗೆ ಸಿಕ್ಕಿಸುವ ಬಾಚಣಿಗೆ) ಹಾಕದ ಮಷೀನಿನಿಂದ ಕಿವಿಯ ಸುತ್ತ ತಲೆಗೆ ಒಂದು ಗೆರೆ ಎಳೆಯುತ್ತಾನೆ. ಅದರ ಕೆಳಗಿನದೆಲ್ಲ ಹೋಗುತ್ತದೆ. ಆಮೇಲೆ ಒಂದನೇ ನಂಬರಿನ ಗಾರ್ಡ್ ಸಿಕ್ಕಿಸಿ ಗೆರೆಯ ಮೇಲಿನ ಒಂದು ಬೆರಳಗಲ ಜಾಗದಲ್ಲಿ ಆಡಿಸುತ್ತಾನೆ. ನೇರ ಮೇಲಕ್ಕೆ ತಳ್ಳುವುದಿಲ್ಲ, ಮಷೀನಿನ ಮೂತಿ ತಲೆಯಿಂದ ಹೊರಕ್ಕೆ ಚಿಮ್ಮುವಂತೆ ಮಣಿಕಟ್ಟು ತಿರುಗಿಸುತ್ತಾನೆ. ಮಷೀನಿನ ಪಕ್ಕದಲ್ಲಿ ಹೆಬ್ಬೆರಳಿಗೆ ಸಿಗುವಂತೆ ಒಂದು ಸಣ್ಣ ಲಿವರ್ ಇರುತ್ತದೆ. ಅದನ್ನು ತೆರೆದರೆ ಬ್ಲೇಡು ಒಂದೆರಡು ಮಿಲಿಮೀಟರ್ ಉದ್ದ ಬಿಡುತ್ತದೆ, ಮುಚ್ಚಿದರೆ ಬುಡಕ್ಕೇ ಹೋಗುತ್ತದೆ. ಸೊನ್ನೆಗೂ ಒಂದಕ್ಕೂ ನಡುವಿನ ಗೆರೆ ಕರಗುವುದು ಆ ಲಿವರಿನ ಟಕ್ ಟಕ್‌ನಲ್ಲಿ. ಕೊನೆಗೆ ಮೇಲಿನ ಉದ್ದ ಕೂದಲಿನ ಹತ್ತಿರ ಮಷೀನ್ ಕೆಳಗಿಟ್ಟು ಕತ್ತರಿ–ಬಾಚಣಿಗೆ ಎತ್ತಿಕೊಳ್ಳುತ್ತಾನೆ. ಅಲ್ಲಿ ಅವನ ಕತ್ತರಿ ಒಂದು ಕ್ಷಣವೂ ನಿಲ್ಲುವುದಿಲ್ಲ, ಕೂದಲಿಲ್ಲದ ಗಾಳಿಯಲ್ಲೂ ಚಕಚಕ ಎನ್ನುತ್ತಲೇ ಇರುತ್ತದೆ.

ನಂಬರಿನ ಗೊಂದಲ

ಈ ಮಷೀನಿಗೂ ಒಂದು ಹಿನ್ನೆಲೆಯಿದೆ. ಅಮೆರಿಕದ ಇಲಿನಾಯ್ ರಾಜ್ಯದ ಸ್ಟರ್ಲಿಂಗ್ ಎಂಬ ಊರಿನ ಲಿಯೊ ವಾಲ್, ಮೋಟಾರನ್ನು ಹಿಡಿಯೊಳಗೇ ಇಟ್ಟ ವಿದ್ಯುತ್ ಕ್ಲಿಪರ್‌ಗೆ 1919ರಲ್ಲಿ ಪೇಟೆಂಟ್ ಅರ್ಜಿ ಹಾಕಿದ. ನಮ್ಮ ಹಳ್ಳಿಗಳಿಗೆ ಅದು ಬರುವುದಕ್ಕೆ ಬಹಳ ಕಾಲ ಹಿಡಿಯಿತು. ಅಲ್ಲಿಯವರೆಗೆ ಇದ್ದದ್ದು ಕೈಯಲ್ಲಿ ಒತ್ತಿ ಒತ್ತಿ ಆಡಿಸುವ ಮಷೀನು. ಅದರ ಹಲ್ಲು ಮೊಂಡಾಗಿದ್ದರೆ ಕೂದಲು ಕತ್ತರಿಸುವ ಬದಲು ಕೀಳುತ್ತಿತ್ತು. ಐವತ್ತು ದಾಟಿದ ಓದುಗರ ಕತ್ತಿಗೆ ಅದರ ನೆನಪು ಇನ್ನೂ ಇರಬೇಕು. ಆಗ ಗಿರಾಕಿ ಅಳತೆ ಹೇಳುವ ಮಾತೇ ಇರಲಿಲ್ಲ. ಕುರ್ಚಿಯ ಎರಡು ಕೈಗಳ ಮೇಲೆ ಹಲಗೆ ಅಡ್ಡ ಹಾಕಿ ಮಗನನ್ನು ಕೂರಿಸಿ, ಬಾಗಿಲಲ್ಲೇ ನಿಂತ ಅಪ್ಪ ಹೇಳುತ್ತಿದ್ದದ್ದು ಒಂದೇ: ‘ಇನ್ನು ಎರಡು ತಿಂಗಳು ಈ ಕಡೆ ಬರಬಾರದು, ಹಂಗೆ ಹೊಡೀರಿ.’ ತಮಾಷೆಯೆಂದರೆ ಮೀಡಿಯಮ್ ಎನ್ನುವುದಕ್ಕಿಂತ ಆ ಮಾತು ಎಷ್ಟೋ ಸ್ಪಷ್ಟ. ತಿಂಗಳಿಗೆ ಕೂದಲು ಒಂದು, ಒಂದೂಕಾಲು ಸೆಂಟಿಮೀಟರ್ ಬೆಳೆಯುತ್ತದೆ. ಎರಡು ತಿಂಗಳ ಲೆಕ್ಕ ಕ್ಷೌರಿಕನಿಗೆ ಕೈಯಲ್ಲೇ ಗೊತ್ತು.

ವಿದ್ಯುತ್ ಮಷೀನಿನ ಜತೆ ಬಂದದ್ದು ನಂಬರು. ಮಷೀನಿನ ಮೂತಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಬಾಚಣಿಗೆಯ ಮೇಲೆ ಅದು ಇರುತ್ತದೆ. ಅಮೆರಿಕದವರು ಮಾಡಿಟ್ಟ ಲೆಕ್ಕದಲ್ಲಿ ಒಂದು ನಂಬರ್ ಎಂದರೆ ಇಂಚಿನ ಎಂಟನೇ ಒಂದು ಭಾಗ, ಸುಮಾರು 3 ಮಿಲಿಮೀಟರ್. ಎರಡಾದರೆ 6, ಮೂರಾದರೆ ಹತ್ತಿರ ಹತ್ತಿರ 10, ನಾಲ್ಕಾದರೆ 13. ಎಂಟನೇ ನಂಬರ್ ಪೂರ್ತಿ ಒಂದು ಇಂಚು. ಇಷ್ಟು ತಿಳಿದುಕೊಂಡು ಹೋಗಿ ‘ಸೈಡ್ ಮೂರು ನಂಬರ್’ ಎಂದರೆ ಕೆಲಸ ಸುಗಮ ಎಂದುಕೊಂಡಿರಾ? ನಮ್ಮ ಎಷ್ಟೋ ಅಂಗಡಿಗಳಲ್ಲಿ ಇರುವುದು ಗಡ್ಡಕ್ಕೂ ತಲೆಗೂ ಆಗುವ ಟ್ರಿಮ್ಮರ್. ಅದರ ಬಾಚಣಿಗೆಗಳ ಮೇಲೆ 3, 6, 9, 12 ಎಂದು ಬರೆದಿರುವುದು ಮಿಲಿಮೀಟರ್ ಲೆಕ್ಕ. ನೀವು ಹತ್ತು ಮಿಲಿಮೀಟರ್ ಮನಸ್ಸಿನಲ್ಲಿಟ್ಟು ಮೂರು ಎನ್ನುತ್ತೀರಿ, ಅವನು ಮೂರು ಮಿಲಿಮೀಟರಿನದನ್ನು ಸಿಕ್ಕಿಸುತ್ತಾನೆ. ನಿಮ್ಮ ಕೂದಲಿನ ಮೂರರಲ್ಲಿ ಎರಡು ಪಾಲು ಒಂದೇ ಎಳೆತಕ್ಕೆ ನೆಲದ ಮೇಲೆ. ಆದ್ದರಿಂದ ಹೊಸ ಅಂಗಡಿಯಲ್ಲಿ ನಂಬರ್ ಹೇಳಿದ ಮೇಲೆ ಆ ಬಾಚಣಿಗೆಯನ್ನು ತೋರಿಸಿ ಎನ್ನುವುದರಲ್ಲಿ ನಾಚಿಕೆಯೇನಿಲ್ಲ. ಇಲ್ಲವೇ ‘ಮೊದಲು ದೊಡ್ಡದು ಹಾಕಿ ನೋಡೋಣ, ಬೇಕಾದರೆ ಇಳಿಸೋಣ’ ಎನ್ನಿ. ಯಾವ ಕ್ಷೌರಿಕನೂ ಇದಕ್ಕೆ ಇಲ್ಲ ಎನ್ನುವುದಿಲ್ಲ.

ಮೇಲಿನ ಕೂದಲಿಗೆ ನಂಬರು ನಡೆಯದು, ಅದು ಕತ್ತರಿಯ ಸೀಮೆ. ಅಲ್ಲಿಗೆ ಬೆರಳೇ ಅಳತೆ. ಕ್ಷೌರಿಕ ತೋರುಬೆರಳು, ನಡುಬೆರಳ ನಡುವೆ ಕೂದಲು ಹಿಡಿದು ಎತ್ತುತ್ತಾನಲ್ಲ, ಆಗಲೇ ಹೇಳಿಬಿಡಬೇಕು: ‘ಇಷ್ಟು ಇರಲಿ’ ಅಥವಾ ‘ಇಷ್ಟು ಹೋಗಲಿ’. ಈ ಎರಡರಲ್ಲಿ ಯಾವುದು ಎಂದು ಬಿಡಿಸಿ ಹೇಳದೆ ಬರೀ ‘ಒಂದು ಇಂಚು’ ಎಂದವರ ಗತಿ ಏನಾಯಿತೆಂದು ಅವರ ಟೋಪಿ ಹೇಳುತ್ತದೆ. ‘ಕಮ್ಮಿ ಮಾಡಿ’ ಎನ್ನುವುದೂ ಅಂಥದ್ದೇ. ಉದ್ದ ಕಮ್ಮಿಯೋ, ದಪ್ಪ ಕಮ್ಮಿಯೋ? ದಪ್ಪ ಕಡಿಮೆ ಮಾಡಲು ಒಂದು ಅಲಗಿಗೆ ಬಾಚಣಿಗೆಯಂತೆ ಹಲ್ಲಿರುವ ತಿನ್ನಿಂಗ್ ಕತ್ತರಿ ಬೇರೆಯೇ ಇದೆ. ಅದು ಕೆಲವು ಎಳೆ ಕತ್ತರಿಸಿ ಕೆಲವನ್ನು ಬಿಡುತ್ತದೆ. ಕೂದಲು ಮೊದಲೇ ತೆಳುವಾಗಿರುವವರ ನೆತ್ತಿಗೆ ಅದು ಸೋಕದಂತೆ ನೋಡಿಕೊಳ್ಳುವುದು ಒಳ್ಳೆಯದು.

ಒದ್ದೆ ಕೂದಲಿನ ಮೋಸವೂ ಒಂದಿದೆ. ಕುರ್ಚಿಯಲ್ಲಿ ಕೂತ ಕೂಡಲೇ ಸ್ಪ್ರೇ ಬಾಟಲಿಯಿಂದ ನೀರು ಚಿಮುಕಿಸುತ್ತಾರೆ. ನೀರು ಬಿದ್ದ ಕೂದಲು ಜಗ್ಗುತ್ತದೆ. ಗುಂಗುರು ಕೂದಲಾದರೆ ಸುರುಳಿ ಬಿಚ್ಚಿಕೊಂಡು ಇನ್ನೂ ಉದ್ದ ಕಾಣುತ್ತದೆ. ಹಾಗೆ ಜಗ್ಗಿ ಹಿಡಿದು ಹಣೆಯ ಅರ್ಧಕ್ಕೆ ಸರಿಯಾಗಿ ಕತ್ತರಿಸಿದ್ದು ಒಣಗಿದ ಮೇಲೆ ಹಣೆ ಬಿಟ್ಟು ಮೇಲೆ ಹೋಗಿ ಕೂರುತ್ತದೆ. ಗುಂಗುರು ಕೂದಲಿನವರು ‘ಒಣಗಿದ ಮೇಲೆ ಇಷ್ಟು ಬರಬೇಕು’ ಎಂದೇ ಹೇಳುವುದು ಲೇಸು.

ಸುಳಿ ಇದ್ದರೆ

ಎಲ್ಲವನ್ನೂ ನಾವೇ ಹೇಳಿಬಿಟ್ಟರೆ ಕ್ಷೌರಿಕನ ಕೆಲಸವೇನು? ಅವನಿಗೆ ಕಾಣುವುದು ನಮಗೆ ಕಾಣುವುದಿಲ್ಲ. ನಮ್ಮ ತಲೆಯ ಹಿಂಭಾಗವನ್ನು ತಿಂಗಳಿಗೊಮ್ಮೆ ಗಮನವಿಟ್ಟು ನೋಡುವವನು ಅವನೊಬ್ಬನೇ. ಅಲ್ಲಿ ಸುಳಿ ಇದೆ. ಹೆಚ್ಚಿನವರದು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ತಿರುಗುತ್ತದೆ, ಕೆಲವರದು ಉಲ್ಟಾ. ಎರಡು ಸುಳಿ ಇದ್ದರೆ ಎರಡು ಮದುವೆ ಎಂದು ಅಜ್ಜಿಯರು ಹೇಳುತ್ತಿದ್ದರು. ಮದುವೆಯ ಸಂಗತಿ ಹೇಗೋ, ಆ ಜಾಗದಲ್ಲಿ ಕೂದಲು ನಿಮಿರಿ ನಿಲ್ಲುವುದಂತೂ ಖಾತ್ರಿ. ಸುಳಿಯ ಮೇಲೆ ಎರಡು ಮೂರು ಸೆಂಟಿಮೀಟರ್ ಉಳಿಸಿದರೆ ಅದು ಮಲಗಲೂ ಆಗದೆ ನಿಲ್ಲಲೂ ಆಗದೆ ನೆತ್ತಿಯಲ್ಲಿ ಮುಳ್ಳುಮುಳ್ಳಾಗಿ ಏಳುತ್ತದೆ. ತನ್ನ ಭಾರಕ್ಕೆ ತಾನೇ ಒರಗುವಷ್ಟು ಉದ್ದ ಬಿಡಬೇಕು, ಇಲ್ಲವೇ ಏಳುವುದಕ್ಕೆ ಏನೂ ಇಲ್ಲದಷ್ಟು ಗಿಡ್ಡ ಮಾಡಬೇಕು. ಒಳ್ಳೆಯ ಕ್ಷೌರಿಕ ಕುರ್ಚಿಯಲ್ಲಿ ಕೂರಿಸಿ ಮೊದಲು ಬಾಚುವುದು ಇದನ್ನು ನೋಡುವುದಕ್ಕೇ. ‘ಅಣ್ಣಾ, ಇಲ್ಲಿ ಎದ್ದು ನಿಲ್ಲುತ್ತೆ, ಸ್ವಲ್ಪ ಜಾಸ್ತಿ ಬಿಡ್ತೀನಿ’ ಎಂದು ಅವನು ಹೇಳಿದರೆ ಮೊಬೈಲಿನಿಂದ ತಲೆ ಎತ್ತಿ ಕೇಳಿಸಿಕೊಳ್ಳಬೇಕು.

ಮುಂದಲೆ ಹಿಂದೆ ಸರಿಯುತ್ತಿರುವವರಿಗೂ ಅವನ ಮಾತೇ ಮೇಲು. ಮೇಲಿನ ಕೂದಲು ತೆಳುವಾದಷ್ಟೂ ಅದನ್ನು ಉದ್ದ ಬಿಟ್ಟು, ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಸೇತುವೆ ಕಟ್ಟುವುದು ನಮ್ಮ ಗಂಡಸರ ಹಳೆಯ ಚಟ. ಒಂದು ಗಾಳಿ ಬೀಸಿದರೆ ಗುಟ್ಟು ರಟ್ಟು. ಕಣ್ಣಿಗೆ ಕಾಣುವುದು ಹೋಲಿಕೆಯಿಂದ. ಪಕ್ಕದ ಕೂದಲನ್ನು ಚೆನ್ನಾಗಿ ಇಳಿಸಿದರೆ ಮೇಲಿರುವ ಅಷ್ಟೇ ಕೂದಲು ದಟ್ಟವಾಗಿ ಕಾಣುತ್ತದೆ. ಹಿಂದಲೆ ಚಪ್ಪಟೆಯಾಗಿರುವವರಿಗೆ ಅಲ್ಲಿ ತುಸು ಉದ್ದ ಬಿಟ್ಟು ದುಂಡು ತರುತ್ತಾರೆ. ಅಂಥವರೇ ಫೋಟೊ ತೋರಿಸಿ ಹೈ ಫೇಡ್ ಬೇಕೇಬೇಕು ಎಂದು ಹಟ ಹಿಡಿದರೆ ಅವನಾದರೂ ಏನು ಮಾಡಿಯಾನು.

ಹಾಗೆಂದು ಫೋಟೊ ತೋರಿಸುವುದು ತಪ್ಪಲ್ಲ. ಮೊದಲು ಅಂಗಡಿಯ ಗೋಡೆಯ ಮೇಲೆ ವಿದೇಶಿ ಮುಖಗಳ ಚಾರ್ಟ್ ಇರುತ್ತಿತ್ತು. ಹೊಂಬಣ್ಣದ ನಯ ಕೂದಲಿನ ಆ ಹುಡುಗರ ತಲೆಗೂ ನಮ್ಮ ಎಣ್ಣೆ ತಲೆಗೂ ಯಾವ ಸಂಬಂಧವೂ ಇರಲಿಲ್ಲ. ಯಾರೂ ಬೆರಳು ಮಾಡಿ ‘ಇದು ಬೇಕು’ ಎಂದದ್ದನ್ನು ನಾನಂತೂ ನೋಡಲಿಲ್ಲ. ಈಗ ಮೊಬೈಲಿದೆ. ಆದರೆ ಎಲ್ಲರೂ ತೋರಿಸುವುದು ಮುಂದಿನಿಂದ ತೆಗೆದ ಒಂದೇ ಫೋಟೊ. ಅದರಲ್ಲಿ ಹಿಂದೆ ಏನಿದೆ ಎಂದು ಗೊತ್ತಾಗುವುದಿಲ್ಲ, ಕ್ಷೌರಿಕ ಊಹಿಸಬೇಕು. ಪಕ್ಕದಿಂದ, ಹಿಂದಿನಿಂದ ತೆಗೆದದ್ದೂ ಇರಬೇಕು, ಆ ಫೋಟೊದವನ ಕೂದಲು ನಿಮ್ಮದರ ಜಾತಿಯದೇ ಆಗಿರಬೇಕು. ನೇರ ಕೂದಲಿನ ಕೊರಿಯಾದ ಗಾಯಕನ ಫೋಟೊ ಹಿಡಿದು ಗುಂಗುರು ಕೂದಲಿನ ಹುಡುಗ ಬಂದರೆ ಕ್ಷೌರಿಕ ನಗದೆ ಕೆಲಸ ಮಾಡುವುದೇ ಒಂದು ಸಾಧನೆ.

ಕೇಳಲೇಬೇಕಾದ ಇನ್ನೊಂದು ಮಾತು ಎಷ್ಟು ದಿನಕ್ಕೊಮ್ಮೆ ಬರುತ್ತೀರಿ ಎಂಬುದು. ದಿನಕ್ಕೆ ಸುಮಾರು ಒಂದು ಮಿಲಿಮೀಟರಿನ ಮೂರನೇ ಒಂದು ಭಾಗ ಬೆಳೆದರೆ, ಇವತ್ತು ಸೊನ್ನೆ ಮಾಡಿಸಿದ ಪಕ್ಕ ಒಂಬತ್ತು ಹತ್ತು ದಿನಕ್ಕೆ ಒಂದನೇ ನಂಬರ್ ಆಗಿರುತ್ತದೆ. ಫೇಡ್‌ನ ಅಂದವಿರುವುದೇ ಆ ಮೂರು ಮಿಲಿಮೀಟರಿನ ಆಟದಲ್ಲಿ. ಮೂರನೇ ವಾರಕ್ಕೆ ಅದು ಬರೀ ಗಿಡ್ಡ ಕೂದಲು. ತಿಂಗಳಿಗೊಮ್ಮೆ, ಅದೂ ಭಾನುವಾರದ ಸಾಲಿನಲ್ಲಿ ಕೂರುವವರಿಗೆ ಕತ್ತರಿಯಲ್ಲಿ ಇಳಿಸಿದ ಕಟಿಂಗೇ ವಾಸಿ, ಬೆಳೆದರೂ ಅದರ ಆಕಾರ ಕೆಡುವುದಿಲ್ಲ. ಇದನ್ನು ಹೇಳಿದರೆ ದುಡ್ಡು ಬರುವುದು ಕಡಿಮೆಯಾದರೂ ಹೇಳುವ ಕ್ಷೌರಿಕರಿದ್ದಾರೆ. ಅಂಥವರು ಸಿಕ್ಕರೆ ಬಿಡಬೇಡಿ. ಮಂಗಳವಾರ ಮಾತ್ರ ಹೋಗಬೇಡಿ, ಹೆಚ್ಚಿನ ಕಡೆ ಬಾಗಿಲು ಹಾಕಿರುತ್ತದೆ.

ಇದನ್ನೆಲ್ಲ ಹೇಳುವುದು ಯಾವ ಭಾಷೆಯಲ್ಲಿ ಎಂಬ ಮಾತು ಬಂದಾಗ ಬೆಂಗಳೂರನ್ನು ಬಿಡುವಂತಿಲ್ಲ. ಇಲ್ಲಿನ ಎಷ್ಟೋ ಅಂಗಡಿಗಳಲ್ಲಿ ಈಗ ಕತ್ತರಿ ಹಿಡಿದವರು ಉತ್ತರ ಪ್ರದೇಶ, ಬಿಹಾರದ ಕಡೆಯ ಹುಡುಗರು. ‘ಸ್ವಲ್ಪ’ ಎಂಬುದು ‘ಥೋಡಾ’ ಆಗುವಷ್ಟರಲ್ಲಿ ಅರ್ಧ ತಲೆ ಆಗಿರುತ್ತದೆ. ಎರಡು ಭಾಷೆಯಲ್ಲೂ ಅದು ಅಷ್ಟೇ ಅಸ್ಪಷ್ಟ ಎನ್ನಿ. ಅಂಥಲ್ಲಿ ನಂಬರು, ಬೆರಳು, ಫೋಟೊ ಈ ಮೂರೇ ಗಟ್ಟಿ. ಹಾಗೆಯೇ ‘ಬ್ಯಾಕ್ ಸ್ಕ್ವೇರಾ, ರೌಂಡಾ?’ ಎಂಬ ಪ್ರಶ್ನೆ ಎಲ್ಲರ ಬಾಯಲ್ಲೂ ಒಂದೇ. ಕತ್ತಿನ ಅಂಚಿಗೆ ನೇರ ಗೆರೆ ಬೇಕೋ, ಮೂಲೆ ದುಂಡಾಗಬೇಕೋ ಎಂದು ಅದರ ಅರ್ಥ. ಇದಕ್ಕೆ ಮೂರನೆಯ ಉತ್ತರವೂ ಇದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ: ಗೆರೆಯೇ ಬೇಡ, ಇಳಿಸಿ ಬಿಟ್ಟುಬಿಡಿ. ಬ್ಲೇಡಿನಲ್ಲಿ ಎಳೆದ ಗೆರೆಯ ಕೆಳಗೆ ನಾಲ್ಕು ದಿನಕ್ಕೆ ಕೂದಲು ಚಿಗುರಿ ಕೊಳಕಾಗಿ ಕಾಣುತ್ತದೆ, ಇಳಿಸಿದ್ದು ಹಾಗಾಗುವುದಿಲ್ಲ. ಬ್ಲೇಡು ಹಿಡಿದಾಗ ಹೊಸದು ಹಾಕಿದರೇ ಎಂದು ನೋಡುವುದಕ್ಕೆ ಸಂಕೋಚ ಬೇಡ.

ಕುರ್ಚಿ ಯಾರದು

ಕೂದಲು ಹೀಗೆ ಬೇಕು ಎಂದು ಹೇಳುವ ಮಾತಿಗೆ ಮೊದಲು ಕುರ್ಚಿಯಲ್ಲಿ ಕೂರುವ ಅವಕಾಶ ಬೇಕು. ನಮ್ಮ ರಾಜ್ಯದ ಎಷ್ಟೋ ಹಳ್ಳಿಗಳಲ್ಲಿ ದಲಿತರಿಗೆ ಅದು ಇವತ್ತೂ ಸಿಕ್ಕಿಲ್ಲ. ಕಟಿಂಗ್ ಮಾಡಿಸಿಕೊಳ್ಳಲು ಪಕ್ಕದ ಪಟ್ಟಣದ ಬಸ್ಸು ಹತ್ತುವವರಿದ್ದಾರೆ. ಕೆಲಸ ಮಾಡಲು ಮುಂದಾದ ಕ್ಷೌರಿಕನ ಪಾಡೂ ಸುಲಭದ್ದಲ್ಲ. 2020ರಲ್ಲಿ ನಂಜನಗೂಡು ತಾಲ್ಲೂಕಿನ ಹಲ್ಲರೆಯಲ್ಲಿ, ದಲಿತರಿಗೆ ಕಟಿಂಗ್ ಮಾಡಿದ್ದಕ್ಕೆ ಕ್ಷೌರಿಕನ ಕುಟುಂಬಕ್ಕೇ ದಂಡ, ಬಹಿಷ್ಕಾರ ಹಾಕಿದ ಸುದ್ದಿ ಬಂದಿತ್ತು. 2025ರಲ್ಲಿ ಭೀಮರಾವ್ ಪಿ. ನಿರ್ದೇಶಿಸಿದ ‘ಹೆಬ್ಬುಲಿ ಕಟ್’ ಸಿನಿಮಾ ಈ ಗಾಯದ ಮೇಲೇ ಕೈಯಿಟ್ಟಿತು. ತನ್ನ ಮೆಚ್ಚಿನ ನಟನ ಕಟಿಂಗ್‌ಗೆ ಆಸೆಪಡುವ ಹುಡುಗನಿಗೆ ಅಡ್ಡ ಬರುವುದು ಜಾತಿ. ಅವನ ಮುಂದೆ ಗಾರ್ಡಿನ ನಂಬರ್ ಎಷ್ಟು ಎಂಬ ನಮ್ಮ ತಲೆಬಿಸಿ ಬಹಳ ಸಣ್ಣದು.

ಕತ್ತರಿ ಹಿಡಿದವರನ್ನು ಊರು ನಡೆಸಿಕೊಂಡ ರೀತಿಯೂ ಇದರ ಇನ್ನೊಂದು ಮುಖ. ಸವಿತಾ ಸಮಾಜ, ಹಡಪದ, ಕರಾವಳಿಯಲ್ಲಾದರೆ ಭಂಡಾರಿ ಎಂದು ಅವರು ತಮ್ಮನ್ನು ಕರೆದುಕೊಳ್ಳುತ್ತಾರೆ. ಹನ್ನೆರಡನೇ ಶತಮಾನದ ಹಡಪದ ಅಪ್ಪಣ್ಣ ಬಸವಣ್ಣನವರ ಒಡನಾಡಿ, ವಚನಕಾರ. ಹಳೆ ಮೈಸೂರಿನ ಮದುವೆಗಳಲ್ಲಿ ಓಲಗ ಊದಿ ಮುಹೂರ್ತ ಸಾರುವವರೂ ಇದೇ ಜನ. ಅಂಥವರ ಕಸುಬಿನ ಹೆಸರನ್ನೇ ಬೈಗುಳ ಮಾಡಿಕೊಂಡವರು ನಾವು. ‘ಏ, ಬೇಗ ಮುಗ್ಸೋ’ ಎಂದು ಕೂರುವ ಗಿರಾಕಿಗೆ ಸುಳಿ ಎಲ್ಲಿದೆ ಎಂದು ಹೇಳುವ ಉತ್ಸಾಹ ಯಾರಿಗಿರುತ್ತದೆ? ಮೈಸೂರಿನಲ್ಲಿ ಅಣ್ಣಾ ಎನ್ನಿ, ಹುಬ್ಬಳ್ಳಿಯಲ್ಲಾದರೆ ಒಂದು ‘ರೀ’ ಸೇರಿಸಿ. ಕಟಿಂಗ್‌ಗೆ ಅದಕ್ಕಿಂತ ಒಳ್ಳೆಯ ಶುರು ಇಲ್ಲ.

ಕೊನೆಯಲ್ಲಿ ಬರುವುದು ಕನ್ನಡಿಯ ಕ್ಷಣ. ಎಲ್ಲ ಮುಗಿದು, ಬಟ್ಟೆ ಕೊಡವಿ, ಕತ್ತಿಗೆ ಪೌಡರ್ ಬಡಿದ ಮೇಲೆ ಕ್ಷೌರಿಕ ಹಿಂದೆ ಒಂದು ಸಣ್ಣ ಕನ್ನಡಿ ಹಿಡಿಯುತ್ತಾನೆ. ನಾವು ಸರಿಯಾಗಿ ನೋಡದೆಯೇ ‘ಹ್ಞೂಂ, ಓಕೆ’ ಎನ್ನುತ್ತೇವೆ. ಅವನ ಮನಸ್ಸು ನೋಯಿಸಬಾರದೆಂಬ ದಾಕ್ಷಿಣ್ಯ. ಹತ್ತು ಹೆಜ್ಜೆ ನಡೆದು ಬೈಕಿನ ಕನ್ನಡಿಯಲ್ಲಿ ನೋಡಿಕೊಂಡು ಒಂದು ಸೈಡ್‌ಲಾಕ್ ಮೇಲೆ ಒಂದು ಕೆಳಗೆ ಆಗಿದೆ ಎಂದು ಗೊತ್ತಾಗಿ, ವಾಪಸು ಹೋಗಲು ನಾಚಿ ಮನೆಗೆ ಹೋಗುತ್ತೇವೆ. ಆ ಕನ್ನಡಿ ಹಿಡಿಯುವುದು ಕೇಳುವುದಕ್ಕಾಗಿಯೇ. ಎರಡೂ ಕಿವಿಯ ಮುಂದೆ ಬೆರಳಿಟ್ಟು ಸಮ ನೋಡಿ. ಹಿಂದೆ ಗೆರೆ ಓರೆಯಾಗಿದೆಯೇ ನೋಡಿ. ‘ಈ ಕಡೆ ಸ್ವಲ್ಪ ಭಾರ ಇದೆ’ ಎಂದರೆ ಎರಡು ನಿಮಿಷದ ಕೆಲಸ. ನಾನು ಮಾತಾಡಿಸಿದ ಕ್ಷೌರಿಕರು ಹೇಳಿದ್ದು ಇದನ್ನೇ: ಕುರ್ಚಿಯಲ್ಲಿದ್ದಾಗ ತಪ್ಪು ತೋರಿಸುವ ಗಿರಾಕಿ ಕಷ್ಟವಲ್ಲ, ಏನೂ ಹೇಳದೆ ಹೋಗಿ ಮತ್ತೆ ಬಾರದವನು ಕಷ್ಟ.

ಕಟಿಂಗ್ ಮಾಡಿಸಿದ ದಿನ ಯಾರಿಗೂ ತಮ್ಮ ತಲೆ ಇಷ್ಟವಾಗುವುದಿಲ್ಲ. ಒಂದು ವಾರ, ಹತ್ತು ದಿನ ಕಳೆದು ಕೂದಲು ತಲೆಗೆ ಹೊಂದಿಕೊಂಡಾಗ ಒಂದು ಬೆಳಿಗ್ಗೆ ಕನ್ನಡಿ ಮುಂದೆ ‘ಪರವಾಗಿಲ್ಲ’ ಎನಿಸುತ್ತದಲ್ಲ, ಆಗ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದಿನದನ್ನು, ಪಕ್ಕದ್ದನ್ನು ನೀವೇ ತೆಗೆಯಬಹುದು, ಹಿಂದಿನದಕ್ಕೆ ಮನೆಯವರನ್ನು ಕರೆಯಬೇಕು. ಅವರು ನಗುತ್ತಾರೆ, ನಗಲಿ. ಮುಂದಿನ ಸಲ ‘ಹೆಂಗ್ ಮಾಡ್ಲಿ?’ ಎಂದಾಗ ಯಾವ ಹೀರೊನ ಫೋಟೊವೂ ಬೇಡ, ನಿಮ್ಮದೇ ತೋರಿಸಿ, ‘ಸೈಡು ಇದಕ್ಕಿಂತ ಒಂದು ನಂಬರ್ ಕಮ್ಮಿ, ಮೇಲೆ ಹಿಂಗೇ ಇರ್ಲಿ’ ಎನ್ನಿ.